ಕಸ್ಟಮರ್ ಕೇರ್: ನಾವು ಸೋತು ಫೋನ್ ಇಟ್ಟರೆ ಅವರ ಲೆಕ್ಕದಲ್ಲಿ ಸಮಸ್ಯೆ ಬಗೆಹರಿದಂತೆ

ಇದು ಯಾವುದೋ ಒಂದು ಕಂಪನಿಯ ಕಸ್ಟಮರ್ ಕೇರ್ ಬಗ್ಗೆ ಬರೆದ ವಿಮರ್ಶೆಯಲ್ಲ. ಬ್ಯಾಂಕು, ಫೋನು, ಇಂಟರ್‌ನೆಟ್ಟು, ವಿಮೆ, ವಿಮಾನದ ಟಿಕೆಟ್ಟು, ಫ್ರಿಜ್ಜಿನ ರಿಪೇರಿ, ಯಾವುದಕ್ಕೆ ಕರೆ ಮಾಡಿದರೂ ಅದೇ ರೆಕಾರ್ಡಿಂಗು, ಅದೇ ಸಂಗೀತ, ಅದೇ ಕಾಯುವಿಕೆ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಥರದ ಸಾಫ್ಟ್‌ವೇರು, ಒಂದೇ ಥರದ ಅಳತೆಗೋಲು. ಹಾಗಾಗಿ ಸೇವೆಯನ್ನೇ ಬಿಡಿಬಿಡಿಯಾಗಿ ಬಿಚ್ಚಿ ನೋಡುವುದು ವಾಸಿ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಆ ತುದಿಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಮಾತಾಡುವವರಿಗೆ ಐದಕ್ಕೆ ನಾಲ್ಕು ಅಂಕ, ಅವರನ್ನು ಹಾಗೆ ಕೂರಿಸಿರುವ ವ್ಯವಸ್ಥೆಗೆ ಐದಕ್ಕೆ ಒಂದು. ನಾವು ಬೈಯುವುದು ಮಾತ್ರ ನಾಲ್ಕು ಅಂಕದವರನ್ನೇ.

ಕರೆ ಮಾಡಿದ ಕೂಡಲೇ ಸಿಗುವುದು ಐವಿಆರ್, ಅಂದರೆ ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ರೆಕಾರ್ಡಿಂಗು. ಇದನ್ನು ಚೆನ್ನಾಗಿ ಮಾಡುವುದು ಕಷ್ಟದ ಕೆಲಸವೇನಲ್ಲ. ಒಂದು ಹಂತದಲ್ಲಿ ನಾಲ್ಕೈದಕ್ಕಿಂತ ಹೆಚ್ಚು ಆಯ್ಕೆ ಇರಬಾರದು, ಹೆಚ್ಚು ಜನ ಕೇಳುವ ವಿಷಯ ಮೊದಲು ಬರಬೇಕು, ಎರಡು ಹಂತ ದಾಟಿದ ಮೇಲೆ ಮನುಷ್ಯರು ಸಿಗಬೇಕು. ಕಣ್ಣಿಗೆ ಕಾಣುವ ಪಟ್ಟಿಯಾದರೆ ಒಂದು ಸಲ ಕಣ್ಣಾಡಿಸಿದರೆ ಮುಗಿಯಿತು. ಕಿವಿಗೆ ಬೀಳುವ ಪಟ್ಟಿಯಲ್ಲಿ ಏಳನೆಯದು ಬರುವ ಹೊತ್ತಿಗೆ ಎರಡನೆಯದು ಮರೆತಿರುತ್ತದೆ. ವಿಷಯ ಮೊದಲು, ಸಂಖ್ಯೆ ಆಮೇಲೆ ಎನ್ನುವುದು ಇನ್ನೊಂದು ನಿಯಮ. ಬೇಕಾದ ವಿಷಯ ಕೇಳಿಸಿದ ಮೇಲೇ ಮನಸ್ಸು ಸಂಖ್ಯೆಗೆ ಕಾಯುವುದು. ಕನ್ನಡದಲ್ಲಿ ಮಾತು ತಾನಾಗಿಯೇ ಹಾಗೆ ಬರುತ್ತದೆ: ‘ಬಿಲ್ಲಿನ ವಿಚಾರಕ್ಕೆ ಒಂದನ್ನು ಒತ್ತಿ.’ ಆದರೂ ಕೆಲವು ರೆಕಾರ್ಡಿಂಗುಗಳಲ್ಲಿ ‘ಒಂದನ್ನು ಒತ್ತಿ, ಬಿಲ್ಲಿಂಗ್ ಸಂಬಂಧಿತ ವಿಚಾರಣೆಗಳಿಗಾಗಿ’ ಎಂದು ವಾಕ್ಯ ತಲೆಕೆಳಗಾಗಿ ಕೇಳಿಸುತ್ತದೆ. ಬೇರೆ ಭಾಷೆಯ ವಾಕ್ಯವನ್ನು ಪದಕ್ಕೆ ಪದ ಇಟ್ಟು ಕೊಟ್ಟಿದ್ದಾರೆ. ಕನ್ನಡ ಬಲ್ಲವರೊಬ್ಬರು ಫೋನನ್ನು ಕಿವಿಗಿಟ್ಟು ಕೇಳಿ ನೋಡಿಲ್ಲ.

ಇದಕ್ಕಿಂತ ನೋವಾಗುವುದು, ಭಾಷೆಯ ಆಯ್ಕೆ ಕೊಟ್ಟು, ಒತ್ತಿಸಿಕೊಂಡು, ಕೊನೆಗೆ ಆ ಭಾಷೆ ಬಾರದವರ ಕೈಗೆ ಕರೆ ಕೊಟ್ಟಾಗ. ಕಾರಣ ಸರಳ. ‘ಈ ಭಾಷೆಯ ಏಜೆಂಟರು ಇಷ್ಟು ಸೆಕೆಂಡಿನೊಳಗೆ ಬಿಡುವಾಗದಿದ್ದರೆ ಯಾರಿಗಾದರೂ ಕೊಡು’ ಎಂದು ಸಾಫ್ಟ್‌ವೇರಿನಲ್ಲಿ ಮೊದಲೇ ಬರೆದಿಟ್ಟಿರುತ್ತಾರೆ. ಕರೆ ಎತ್ತಿದವರು ಅದನ್ನು ಬದಲಾಯಿಸಲಾರರು. ಅವರೊಂದಿಗೆ ಭಾಷೆಯ ಜಗಳಕ್ಕೆ ಇಳಿದರೆ ಇಬ್ಬರ ಹೊತ್ತೂ ಹಾಳು. ‘ನಾನು ಈ ಭಾಷೆ ಆಯ್ಕೆ ಮಾಡಿದ್ದೆ, ಬೇರೆ ಭಾಷೆಗೆ ಕೊಟ್ಟಿದ್ದೀರಿ ಎಂದು ನೋಟ್ಸ್‌ನಲ್ಲಿ ಬರೆಯಿರಿ, ಆ ಭಾಷೆಯವರಿಂದ ವಾಪಸ್ ಕರೆ ಮಾಡಿಸಿ’ ಎಂದು ಕೇಳುವುದು ಸರಿಯಾದ ದಾರಿ. ಬರಹಕ್ಕೆ ಇಳಿದದ್ದನ್ನು ಮಾತ್ರ ಮೇಲಿನವರು ಎಣಿಸುತ್ತಾರೆ.

ಐವಿಆರ್‌ನಲ್ಲಿ ಇನ್ನೊಂದು ಅನ್ಯಾಯ ಸದ್ದಿಲ್ಲದೆ ನಡೆಯುತ್ತದೆ. ಗುಂಡಿ ಒತ್ತಲು ಕೊಡುವ ಕಾಲಾವಕಾಶ ಸಾಮಾನ್ಯವಾಗಿ ಐದಾರು ಸೆಕೆಂಡು. ಹದಿನಾರು ಅಂಕಿಯ ಕಾರ್ಡ್ ಸಂಖ್ಯೆಯನ್ನು ಕನ್ನಡಕ ಹಾಕಿಕೊಂಡು, ಕಾರ್ಡ್ ತಿರುಗಿಸಿ, ಫೋನನ್ನು ಕಿವಿಯಿಂದ ತೆಗೆದು ಒತ್ತುವ ಹಿರಿಯರಿಗೆ ಅದು ಸಾಲುವುದೇ ಇಲ್ಲ. ಮೂರು ಸಲ ತಪ್ಪಿದರೆ ಕರೆ ಕಟ್. ಕಿವಿ ಮಂದವಿರುವವರಿಗೆ, ಕೈ ನಡುಗುವವರಿಗೆ, ಮಾತು ತೊದಲುವವರಿಗೆ ಈ ಬಾಗಿಲು ತೆರೆಯುವುದೇ ಇಲ್ಲ. ಆ ಕಾಲಾವಕಾಶವನ್ನು ಹತ್ತು ಸೆಕೆಂಡು ಮಾಡುವುದು ಸೆಟ್ಟಿಂಗ್‌ನಲ್ಲಿ ಒಂದು ಅಂಕಿ ತಿದ್ದುವ ಕೆಲಸ. ಅದಾಗುವವರೆಗೆ, ಒತ್ತಬೇಕಾದ ಸಂಖ್ಯೆಗಳನ್ನು ನಾಲ್ಕು ನಾಲ್ಕು ಅಂಕಿಯಾಗಿ ಒಡೆದು ದಪ್ಪಕ್ಷರದಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಂಡು, ಸ್ಪೀಕರ್ ಆನ್ ಮಾಡಿ ಒತ್ತುವುದೇ ಸುಲಭ.

‘ನಿಮ್ಮ ಸಮಸ್ಯೆ ಏನೆಂದು ಹೇಳಿ’ ಎನ್ನುವ ಮಾತಿನ ಐವಿಆರ್ ಬಂದರೆ ಇದರ ತದ್ವಿರುದ್ಧ: ಸ್ಪೀಕರ್ ಬೇಡ, ಟಿವಿ ಆರಿಸಿ, ಕಥೆ ಹೇಳದೆ ಎರಡು ಮೂರು ಪದ ಸಾಕು. ‘ಎರಡು ಸಲ ಹಣ ಕಡಿತ’ ಎಂದರೆ ಅದಕ್ಕೆ ತಿಳಿಯುತ್ತದೆ. ‘ಮೊನ್ನೆ ಏನಾಯ್ತು ಅಂದ್ರೆ’ ಎಂದು ಶುರು ಮಾಡಿದರೆ ತಿಳಿಯುವುದಿಲ್ಲ. ಎರಡು ಸಲ ಅರ್ಥವಾಗದಿದ್ದರೆ ಎಷ್ಟೋ ವ್ಯವಸ್ಥೆಗಳು ಗುಂಡಿಗೋ ಏಜೆಂಟಿಗೋ ಹೋಗುತ್ತವೆ. ಸೊನ್ನೆಯನ್ನು ಬಿಡದೆ ಒತ್ತಿದರೆ ಮನುಷ್ಯರು ಸಿಗುತ್ತಾರೆ ಎಂಬುದು ಕೆಲವು ಕಡೆ ನಿಜ. ಇನ್ನು ಕೆಲವು ಕಡೆ ಅದನ್ನು ತಪ್ಪು ಆಯ್ಕೆ ಎಂದು ಎಣಿಸಿ ಕರೆಯನ್ನೇ ಕತ್ತರಿಸುತ್ತಾರೆ. ಒಮ್ಮೆ ಒತ್ತಿ ನೋಡಿ, ಕೆಲಸ ಮಾಡದಿದ್ದರೆ ಬಿಟ್ಟುಬಿಡಿ.

ಆಮೇಲೆ ಸಂಗೀತ. ಹೋಲ್ಡ್ ಸಂಗೀತ ಏಕೆ ಅಷ್ಟು ಕರ್ಕಶ ಎಂದು ಕೇಳುವವರಿಗೆ ಉತ್ತರ: ಹಳೆಯ ಫೋನ್ ಜಾಲ ಸಾಗಿಸುವುದು ಸುಮಾರು 300ರಿಂದ 3400 ಹರ್ಟ್ಜ್‌ವರೆಗಿನ ಸದ್ದನ್ನು ಮಾತ್ರ. ಮಾತು ತಿಳಿಯಲು ಅಷ್ಟು ಸಾಕು. ಸಂಗೀತದ ಕೆಳಗಿನ ಗುಂಯ್‌ಗುಡುವಿಕೆಯೂ ಮೇಲಿನ ಹೊಳಪೂ ಎರಡೂ ಕತ್ತರಿಸಿ ಹೋಗುತ್ತವೆ. ಅದರ ಮೇಲೆ, ಕರೆಯನ್ನು ಕುಗ್ಗಿಸಿ ಕಳಿಸುವ ಎಷ್ಟೋ ವಿಧಾನಗಳು ಮನುಷ್ಯರ ಧ್ವನಿಗೆಂದೇ ಹೊಂದಿಸಿದವು; ಪಿಟೀಲನ್ನು ಕೊಟ್ಟರೆ ಅವು ತಡವರಿಸುತ್ತವೆ. ಆದರೂ ಸಂಗೀತಕ್ಕಿಂತ ಕೆಟ್ಟದ್ದು ಅದರ ನಡುವೆ ಅರ್ಧ ನಿಮಿಷಕ್ಕೊಮ್ಮೆ ತೂರಿಬರುವ ‘ನಿಮ್ಮ ಕರೆ ನಮಗೆ ಅಮೂಲ್ಯ’. ಸಂಗೀತ ನಿಂತು ಮನುಷ್ಯರ ದನಿ ಕೇಳಿಸಿತೆಂದರೆ ಯಾರೋ ಸಿಕ್ಕರು ಎಂದೇ ಜೀವ ಎಚ್ಚರಗೊಳ್ಳುತ್ತದೆ. ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಆಸೆ ಹುಟ್ಟಿಸಿ ಇಪ್ಪತ್ತು ಸಲ ಕೈಬಿಡುವುದು ಯಾವ ಮರ್ಯಾದೆ? ಅದರ ಬದಲು ‘ನಿಮ್ಮ ಮುಂದೆ ಏಳು ಜನ ಇದ್ದಾರೆ’ ಎಂದು ಹೇಳುವ ಸೌಲಭ್ಯ ಅದೇ ಸಾಫ್ಟ್‌ವೇರುಗಳಲ್ಲಿ ಇರುತ್ತದೆ. ಸಂಖ್ಯೆ ಕೇಳಿಸಿದರೆ ಜನ ಲೆಕ್ಕ ಹಾಕಿ ಕಾಯುತ್ತಾರೆ. ಅದನ್ನು ಆನ್ ಮಾಡಿದ ಕಂಪನಿಗೆ ನಾನು ಕಣ್ಣುಮುಚ್ಚಿ ಒಂದು ಅಂಕ ಹೆಚ್ಚು ಕೊಡುತ್ತೇನೆ.

ಈಗ ಕಾಯುವಿಕೆಯ ವಿಚಾರ. ‘ನಿರೀಕ್ಷೆಗಿಂತ ಹೆಚ್ಚು ಕರೆಗಳು ಬರುತ್ತಿವೆ’ ಎಂಬ ವಾಕ್ಯವನ್ನು ನಂಬಬೇಡಿ ಎಂದು ಹೇಳಲು ಬಲವಾದ ಕಾರಣವಿದೆ. ಎಷ್ಟು ಕರೆಗೆ ಎಷ್ಟು ಜನ ಬೇಕು ಎಂಬ ಗಣಿತ ನೂರು ವರ್ಷಕ್ಕೂ ಹಳೆಯದು. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಎಂಬ ಗಣಿತಜ್ಞರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದಾಗ, 1909ರಲ್ಲಿ ಕರೆಗಳು ಹೇಗೆ ಬರುತ್ತವೆ ಎಂಬುದರ ಮೇಲೆ ಮೊದಲ ಲೇಖನ ಬರೆದರು, 1917ರಲ್ಲಿ ಕಾಯುವಿಕೆಯ ಸೂತ್ರಗಳನ್ನು ಕೊಟ್ಟರು. ಇವತ್ತಿಗೂ ಕಾಲ್ ಸೆಂಟರುಗಳ ಲೆಕ್ಕದ ಬುನಾದಿ ಅದೇ.

ಲೆಕ್ಕವನ್ನು ನೀವೇ ನೋಡಿ. ಗಂಟೆಗೆ 100 ಕರೆ, ಒಂದು ಕರೆಗೆ ಮಾತು, ಹೋಲ್ಡ್, ಆಮೇಲೆ ಬರೆದುಕೊಳ್ಳುವುದು ಎಲ್ಲ ಸೇರಿ ಸರಾಸರಿ 6 ನಿಮಿಷ ಎಂದುಕೊಳ್ಳೋಣ. ಒಟ್ಟು 600 ನಿಮಿಷದ ಕೆಲಸ, ಅಂದರೆ 10 ಜನರ ಒಂದು ಗಂಟೆ. ಆದರೆ 10 ಜನರನ್ನೇ ಕೂರಿಸಿದರೆ ಸಾಲು ಬೆಳೆಯುತ್ತಲೇ ಹೋಗುತ್ತದೆ. ಕರೆಗಳು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಒಂದು ನಿಮಿಷ ಯಾರೂ ಇಲ್ಲ, ಮುಂದಿನ ನಿಮಿಷ ಐದು ಕರೆ. ಖಾಲಿ ಕೂತ ನಿಮಿಷವನ್ನು ಎತ್ತಿಟ್ಟು ಆಮೇಲೆ ಬಳಸಲಾಗದು. ಎರ್ಲಾಂಗ್ ಸೂತ್ರದಂತೆ, ಯಾರೂ ನಡುವೆ ಫೋನ್ ಇಡುವುದಿಲ್ಲ ಎಂದುಕೊಂಡರೆ, 11 ಜನರಿದ್ದಾಗ ಸರಾಸರಿ ಕಾಯುವಿಕೆ ಸುಮಾರು 4 ನಿಮಿಷ. 12 ಜನರಿಗೆ 81 ಸೆಕೆಂಡು. 13ಕ್ಕೆ 34 ಸೆಕೆಂಡು. 14ಕ್ಕೆ ಬರೀ 16 ಸೆಕೆಂಡು. ನಾಲ್ಕು ನಿಮಿಷಕ್ಕೂ ಹದಿನಾರು ಸೆಕೆಂಡಿಗೂ ನಡುವೆ ಇರುವುದು ಮೂರು ಕುರ್ಚಿ.

ಆ ಮೂರು ಕುರ್ಚಿ ಏಕೆ ಬರುವುದಿಲ್ಲ? 11 ಜನರಿದ್ದಾಗ ಪ್ರತಿಯೊಬ್ಬರೂ ತಮ್ಮ ಹೊತ್ತಿನ ಶೇ. 91ರಷ್ಟು ಕರೆಯ ಕೆಲಸದಲ್ಲೇ ಇರುತ್ತಾರೆ. 14 ಆದರೆ ಅದು ಶೇ. 71ಕ್ಕೆ ಇಳಿಯುತ್ತದೆ. ಮೇಲಿನ ಮಹಡಿಯಲ್ಲಿ ಕೂತು ಆ ಅಂಕಿ ನೋಡುವವರ ಕಣ್ಣಿಗೆ ಉಳಿದ ಶೇ. 29 ‘ಸುಮ್ಮನೆ ಕೂತ ಹೊತ್ತು’. ನಮ್ಮ ನಾಲ್ಕು ನಿಮಿಷ ಅವರ ಲೆಕ್ಕದ ಪುಸ್ತಕದಲ್ಲಿ ಖರ್ಚಲ್ಲ, ಅದಕ್ಕೊಂದು ಕಾಲಂ ಇಲ್ಲ. ಇನ್ನೊಂದು: ಊಟ, ರಜೆ, ತರಬೇತಿ, ಕಾಯಿಲೆ ಎಂದು ಮೂವತ್ತು ಶೇಕಡಾ ಹೊತ್ತು ಕಳೆದರೆ, ಕುರ್ಚಿಯಲ್ಲಿ 14 ಜನ ಕಾಣಬೇಕಾದರೆ ಸಂಬಳದ ಪಟ್ಟಿಯಲ್ಲಿ 20 ಜನ ಇರಬೇಕು. 14 ಜನರನ್ನೇ ನೇಮಿಸಿ ‘ಸಾಕಷ್ಟು ಸಿಬ್ಬಂದಿ ಇದ್ದಾರೆ’ ಎನ್ನುವವರು ಕೂಡಿಸುವುದನ್ನು ಕಲಿತಿದ್ದಾರೆ, ಕಳೆಯುವುದನ್ನು ಮರೆತಿದ್ದಾರೆ.

ಕರೆಗಳ ಅಂದಾಜನ್ನು ಹದಿನೈದು ನಿಮಿಷ, ಅರ್ಧ ಗಂಟೆಯ ತುಂಡುಗಳಲ್ಲಿ ವಾರಗಟ್ಟಲೆ ಮುಂಚೆಯೇ ಮಾಡಿರುತ್ತಾರೆ. ಸೋಮವಾರ ಬೆಳಿಗ್ಗೆ ಜಾಸ್ತಿ, ಬಿಲ್ಲು ಹೋದ ಮಾರನೆಯ ದಿನ ಜಾಸ್ತಿ, ಅರ್ಧ ಜನ ಊಟಕ್ಕೆದ್ದಾಗ ಸಾಲು ಉದ್ದ. ದಿನವಿಡೀ, ವಾರವಿಡೀ ಅದೇ ‘ನಿರೀಕ್ಷೆಗಿಂತ ಹೆಚ್ಚು’ ಎಂಬ ರೆಕಾರ್ಡಿಂಗ್ ಓಡುತ್ತಿದ್ದರೆ ಅದು ಅನಿರೀಕ್ಷಿತವಲ್ಲ, ತೀರ್ಮಾನ. ನಮ್ಮ ಕಡೆಯಿಂದ ಮಾಡಬಹುದಾದದ್ದು: ಮಂಗಳವಾರದಿಂದ ಗುರುವಾರದೊಳಗೆ, ಲೈನ್ ತೆರೆದ ಮೊದಲ ಅರ್ಧ ಗಂಟೆಯಲ್ಲಿ ಅಥವಾ ಮಧ್ಯಾಹ್ನ ಮೂರರ ಸುಮಾರಿಗೆ ಪ್ರಯತ್ನಿಸುವುದು. ‘ನಿಮ್ಮ ಸರದಿ ಬಂದಾಗ ನಾವೇ ಕರೆ ಮಾಡುತ್ತೇವೆ’ ಎಂಬ ಆಯ್ಕೆ ಕೊಟ್ಟರೆ ಒಪ್ಪಿಕೊಳ್ಳಿ, ಸರದಿ ಕಳೆದುಹೋಗುವುದಿಲ್ಲ. ಆದರೆ ಆ ಕರೆ ಗುರುತಿಲ್ಲದ ನಂಬರಿನಿಂದ ಬರುತ್ತದೆ, ಒಂದೆರಡು ಸಲ ಮಾತ್ರ ಪ್ರಯತ್ನಿಸುತ್ತಾರೆ. ಹಾಗೆ ಬಂದ ಕರೆಯಲ್ಲಿ ಒಟಿಪಿ, ಪಿನ್ ಕೇಳಿದರೆ ಮಾತ್ರ ಆ ಕ್ಷಣವೇ ಇಟ್ಟುಬಿಡಿ.

ಸಾಲು ಎಂದೆ. ನಿಜ ಹೇಳಬೇಕೆಂದರೆ ಎಷ್ಟೋ ಕಡೆ ಅದು ಸಾಲೇ ಅಲ್ಲ. ಕರೆ ಹಂಚುವ ಸಾಫ್ಟ್‌ವೇರಿಗೆ ನಿಮ್ಮ ಫೋನ್ ನಂಬರಿನಿಂದ ನೀವು ಯಾರು, ಎಷ್ಟು ದುಡ್ಡಿನ ಗಿರಾಕಿ ಎಂದು ಗೊತ್ತಾಗುತ್ತದೆ. ದೊಡ್ಡ ಖಾತೆಯವರನ್ನು ಮುಂದಕ್ಕೆ ತಳ್ಳುವ ವ್ಯವಸ್ಥೆ ಅದರಲ್ಲಿ ಸಿದ್ಧವಾಗಿಯೇ ಬರುತ್ತದೆ. ಇಪ್ಪತ್ತು ನಿಮಿಷದಿಂದ ಕಾಯುತ್ತಿರುವವರ ತಲೆಯ ಮೇಲಿಂದ ಇನ್ನೊಬ್ಬರು ದಾಟಿಹೋದರೂ ಯಾರಿಗೂ ಕಾಣುವುದಿಲ್ಲ. ಕೌಂಟರಿನ ಮುಂದೆ ಹೀಗೆ ಮಾಡಿದ್ದರೆ ಜನ ಸುಮ್ಮನಿರುತ್ತಿದ್ದರೇ? ‘ಸೇವೆ ರದ್ದು ಮಾಡಬೇಕೇ, ಒಂಬತ್ತನ್ನು ಒತ್ತಿ’ ಎಂಬ ಆಯ್ಕೆ ಒತ್ತಿದವರಿಗೆ ಮನುಷ್ಯರು ಬೇಗ ಸಿಗುವುದಕ್ಕೂ ಕಾರಣ ಇದೇ ಬಗೆಯದು. ಬಿಟ್ಟುಹೋಗುವವರನ್ನು ಹಿಡಿದಿಡಲೆಂದೇ ಬೇರೆ ತಂಡ ಇರುತ್ತದೆ, ರಿಯಾಯಿತಿ ಕೊಡುವ ಅಧಿಕಾರವೂ ಅವರಿಗೇ ಹೆಚ್ಚು. ಹತ್ತು ವರ್ಷದಿಂದ ತಪ್ಪದೆ ದುಡ್ಡು ಕಟ್ಟಿ ಒಂದು ಸಣ್ಣ ತಪ್ಪು ಸರಿಮಾಡಿ ಎಂದು ಕೇಳಿದವರಿಗೆ ‘ಪಾಲಿಸಿ ಇಲ್ಲ’. ಬಿಟ್ಟುಹೋಗುತ್ತೇನೆ ಎಂದು ಬೆದರಿಸಿದವರಿಗೆ ಮೂರು ತಿಂಗಳ ರಿಯಾಯಿತಿ. ನಿಯತ್ತಿಗೆ ದಂಡ, ಗದರಿಕೆಗೆ ಬಹುಮಾನ. ಜನ ಕಸ್ಟಮರ್ ಕೇರಿಗೆ ಕಿರುಚುವುದನ್ನು ಕಲಿತದ್ದು ಇಲ್ಲಿಂದಲೇ.

ಆ ಕಿರುಚಾಟ ಯಾರ ಕಿವಿಗೆ ಬೀಳುತ್ತದೆ ಎಂದು ಹತ್ತಿರದಿಂದ ನೋಡಿ. ಏಜೆಂಟಿನ ಎದುರು ಒಂದು ಪರದೆ, ಅದರಲ್ಲಿ ಮೂರು ನಾಲ್ಕು ಕಿಟಕಿ: ಒಂದರಲ್ಲಿ ನಿಮ್ಮ ಖಾತೆ, ಒಂದರಲ್ಲಿ ಹಳೆಯ ದೂರುಗಳು, ಒಂದರಲ್ಲಿ ಏನು ಹೇಳಬೇಕೆಂಬ ಸ್ಕ್ರಿಪ್ಟು. ಮೂಲೆಯಲ್ಲಿ ಒಂದು ಗಡಿಯಾರ. ಕರೆ ಶುರುವಾದಾಗ ಹಸಿರು, ನಿಗದಿ ನಿಮಿಷ ದಾಟಿದರೆ ಹಳದಿ, ಆಮೇಲೆ ಕೆಂಪು. ಕೆಂಪಾಯಿತೆಂದರೆ ಟೀಮ್ ಲೀಡರಿನ ಪರದೆಯಲ್ಲೂ ಆ ಹೆಸರು ಕೆಂಪಾಗಿ ಕಾಣುತ್ತದೆ. ನೀವು ಫೋನ್ ಇಟ್ಟ ಮೇಲೆ ನೋಟ್ಸ್ ಬರೆಯಲು ಅರ್ಧ ನಿಮಿಷವೋ ಒಂದು ನಿಮಿಷವೋ, ಅದು ಮುಗಿದರೆ ಮುಂದಿನ ಕರೆ ತಾನಾಗಿಯೇ ಕಿವಿಗೆ ಬೀಳುತ್ತದೆ. ಎರಡನೇ ಸಲ ಕರೆ ಮಾಡಿದಾಗ ‘ಮೊದಲಿಂದ ಹೇಳಿ’ ಎನ್ನುವುದು ಇದಕ್ಕೇ: ಹಿಂದಿನವರಿಗೆ ‘ಗ್ರಾಹಕರು ಕರೆ ಮಾಡಿದ್ದರು, ಮಾಹಿತಿ ನೀಡಲಾಗಿದೆ’ ಎಂಬ ಒಂದು ಸಾಲಿಗಷ್ಟೇ ಹೊತ್ತಿತ್ತು.

ಇದರ ಜೊತೆಗೆ ಗುಣಮಟ್ಟದ ಪರೀಕ್ಷೆ. ರೆಕಾರ್ಡ್ ಆದ ಕರೆಗಳಲ್ಲಿ ಕೆಲವನ್ನು ಆರಿಸಿ ಒಂದು ಫಾರಂ ಇಟ್ಟುಕೊಂಡು ಅಂಕ ಹಾಕುತ್ತಾರೆ. ನಿಗದಿಯಾದ ಮಾತಿನಲ್ಲೇ ನಮಸ್ಕಾರ ಹೇಳಿದರೇ, ಹೆಸರು ಹಿಡಿದು ಕರೆದರೇ, ‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’ ಎಂದರೇ, ನಡುವೆ ಬಹಳ ಹೊತ್ತು ಮೌನ ಬಿಟ್ಟರೇ, ಕೊನೆಯಲ್ಲಿ ‘ಇನ್ನೇನಾದರೂ ಸಹಾಯ ಬೇಕೇ’ ಎಂದು ಕೇಳಿದರೇ. ಏನೂ ಬಗೆಹರಿಯದ ಕರೆಯ ಕೊನೆಯಲ್ಲೂ ‘ಇನ್ನೇನಾದರೂ ಸಹಾಯ’ ಎಂದು ಕೇಳಿದಾಗ ಮೈ ಉರಿಯುತ್ತದೆ, ನಿಜ. ಆದರೆ ಕೇಳದಿದ್ದರೆ ಅವರ ಅಂಕ ಹೋಗುತ್ತದೆ. ಗಾಯದ ಮೇಲೆ ಉಪ್ಪು ಹಾಕಿದ್ದು ಫಾರಂ ಬರೆದವರು.

ಇಷ್ಟರ ನಡುವೆ ನಮ್ಮ ಜನರ ನಡತೆ. ಪುರುಷರ ದನಿ ಕೇಳಿಸಿದರೆ ‘ಸರ್, ನೋಡಿ’ ಎಂದು ಶುರು ಮಾಡುವವರೇ ಹೆಣ್ಣಿನ ದನಿ ಕೇಳಿಸಿದ ಕೂಡಲೇ ಏಕವಚನಕ್ಕೆ ಇಳಿಯುತ್ತಾರೆ. ‘ಏನಮ್ಮಾ, ನಿಂಗೇನ್ ಗೊತ್ತಾಗುತ್ತೆ, ಯಾರಾದ್ರೂ ಗಂಡಸರಿಗೆ ಕೊಡು.’ ಅದೇ ಉತ್ತರವನ್ನು ಅದೇ ಪರದೆ ನೋಡಿ ಗಂಡು ದನಿ ಹೇಳಿದರೆ ‘ಹಾಂ, ಈಗ ಸರಿ’ ಎಂದು ಒಪ್ಪಿಕೊಳ್ಳುತ್ತಾರೆ. ಉಚ್ಚಾರಣೆಯಲ್ಲಿ ಬೇರೆ ಊರಿನ ಛಾಯೆ ಇದ್ದರೆ ಅಣಕ. ಹೆಸರು ಕೇಳಿ ಜಾತಿ, ಧರ್ಮ ಹುಡುಕುವವರೂ ಇದ್ದಾರೆ. ಬೈದ ಕೂಡಲೇ ಕರೆ ಕತ್ತರಿಸುವ ಹಕ್ಕು ಎಷ್ಟೋ ಕಡೆ ಏಜೆಂಟರಿಗಿಲ್ಲ. ಎರಡು ಮೂರು ಸಲ ಎಚ್ಚರಿಕೆ ಹೇಳಿ, ನಿಯಮದ ವಾಕ್ಯ ಓದಿ, ಆಮೇಲೆ ಇಡಬೇಕು. ಅಲ್ಲಿಯವರೆಗೆ ಕೇಳಿಸಿಕೊಳ್ಳುವುದೂ ಕೆಲಸದ ಭಾಗ, ದನಿಯಲ್ಲಿ ನಗು ಉಳಿಸಿಕೊಳ್ಳುವುದೂ ಕೆಲಸದ ಭಾಗ. ಹಣ ವಾಪಸ್ ಕೊಡಲು ಏಜೆಂಟರಿಗೆ ಇರುವ ಮಿತಿ ಇಷ್ಟೇ ಇಷ್ಟು. ನಿಯಮ ಮಾಡಿದವರು ಈ ಕರೆಗಳನ್ನು ಎಂದೂ ಕೇಳುವುದಿಲ್ಲ. ತಪ್ಪು ಒಬ್ಬರದು, ತಲೆದಂಡ ಇನ್ನೊಬ್ಬರದು. ಇದು ನನಗೆ ಸಹಿಸಲಾಗದ ಅನ್ಯಾಯ, ಗಿರಾಕಿಯಾಗಿ ನಮಗಾಗುವ ಅನ್ಯಾಯಕ್ಕಿಂತ ಒಂದು ಗುಲಗಂಜಿ ತೂಕವೂ ಕಡಿಮೆಯದಲ್ಲ.

ಟ್ರಾನ್ಸ್‌ಫರ್ ಎಂಬುದು ಆಫೀಸಿನೊಳಗಿನ ರಾಜಕೀಯ ಹೊರಗೆ ಕೇಳಿಸುವ ಜಾಗ. ಮಾರಾಟದವರು ಮಾತು ಕೊಟ್ಟಿರುತ್ತಾರೆ, ಬಿಲ್ಲಿನವರಿಗೆ ಅದು ಗೊತ್ತಿರುವುದಿಲ್ಲ, ತಾಂತ್ರಿಕ ವಿಭಾಗದವರು ‘ನಮ್ಮ ಕಡೆಯಿಂದ ಸರಿಯಿದೆ’ ಎನ್ನುತ್ತಾರೆ. ಪ್ರತಿ ವಿಭಾಗಕ್ಕೂ ಬೇರೆ ಮ್ಯಾನೇಜರ್, ಬೇರೆ ಗುರಿ. ಸಮಸ್ಯೆಯನ್ನು ಪಕ್ಕದ ಮನೆಗೆ ದಾಟಿಸಿದರೆ ತಮ್ಮ ಅಂಕಿ ಚೆಂದ. ಟ್ರಾನ್ಸ್‌ಫರ್‌ನಲ್ಲಿ ಎರಡು ಬಗೆ. ಒಂದು, ನಿಮ್ಮನ್ನು ಮತ್ತೆ ಸಾಲಿನ ಕೊನೆಗೆ ಎಸೆದು ತಾವು ಹೊರಟುಹೋಗುವುದು. ಇನ್ನೊಂದು, ಮುಂದಿನವರು ಸಿಗುವವರೆಗೆ ತಾವೇ ಲೈನಿನಲ್ಲಿದ್ದು, ವಿಷಯ ವಿವರಿಸಿ, ಕೈಗೆ ಕೈ ಕೊಟ್ಟು ಹೋಗುವುದು. ಎರಡನೆಯದನ್ನು ಬಾಯಿಬಿಟ್ಟು ಕೇಳಬೇಕು: ‘ದಯವಿಟ್ಟು ನೀವೂ ಲೈನಿನಲ್ಲಿದ್ದು ಅವರಿಗೆ ಹೇಳಿ.’ ಎಲ್ಲರೂ ಒಪ್ಪುವುದಿಲ್ಲ, ಗಡಿಯಾರ ಕೆಂಪಾಗುತ್ತದಲ್ಲ. ಆದರೆ ಮರ್ಯಾದೆಯಿಂದ ಕೇಳಿದರೆ ಒಪ್ಪುವವರೇ ಜಾಸ್ತಿ.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ಮಾತು. ‘ಶೇ. 80ರಷ್ಟು ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತುತ್ತೇವೆ’ ಎನ್ನುವುದು ಈ ಉದ್ಯಮದ ಹಳೆಯ ಗುರಿ. ಆದರೆ ಆ ಗಡಿಯಾರ ಶುರುವಾಗುವುದು ನೀವು ಐವಿಆರ್ ದಾಟಿ ಸಾಲಿಗೆ ಸೇರಿದ ಮೇಲೆ. ಮೆನು ಕೇಳಿದ ಮೂರು ನಿಮಿಷ ಲೆಕ್ಕಕ್ಕಿಲ್ಲ. ಟ್ರಾನ್ಸ್‌ಫರ್ ಮಾಡಿದರೆ ಎಷ್ಟೋ ಕಡೆ ಹೊಸ ಕರೆಯೆಂದು ಗಡಿಯಾರ ಮತ್ತೆ ಸೊನ್ನೆಯಿಂದ. ಕೆಲವು ಸೆಕೆಂಡಿನೊಳಗೆ ಬೇಸತ್ತು ಇಟ್ಟ ಕರೆಗಳನ್ನು ಪಟ್ಟಿಯಿಂದಲೇ ತೆಗೆಯುವುದುಂಟು. ‘ಮೊದಲ ಕರೆಯಲ್ಲೇ ಪರಿಹಾರ’ ಎಂಬ ಅಂಕಿಯನ್ನು ಹಲವರು ಅಳೆಯುವುದು ಹೇಗೆ ಗೊತ್ತೇ? ಅದೇ ಗಿರಾಕಿ ಏಳು ದಿನವೋ ಮೂವತ್ತು ದಿನವೋ ಮತ್ತೆ ಕರೆ ಮಾಡದಿದ್ದರೆ ಬಗೆಹರಿಯಿತು ಎಂದು. ಚಾಟ್‌ಬಾಟ್‌ಗೂ ಇದೇ ನ್ಯಾಯ: ಮನುಷ್ಯರನ್ನು ಕೇಳದೆ ಕಿಟಕಿ ಮುಚ್ಚಿದವರೆಲ್ಲ ಬಾಟ್‌ನಿಂದ ತೃಪ್ತರಾದವರು. ಸಾಕಪ್ಪಾ ಸಾಕು ಎಂದು ಕೈಚೆಲ್ಲಿ ನಷ್ಟ ಹೊತ್ತುಕೊಂಡವರೂ, ನಿಜವಾಗಿ ಉತ್ತರ ಸಿಕ್ಕವರೂ ಒಂದೇ ಕಾಲಂನಲ್ಲಿ ಕೂರುತ್ತಾರೆ. ಸೇವೆ ಸುಧಾರಿಸದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಆದ್ದರಿಂದ ಸುಮ್ಮನಾಗಬಾರದು, ಕಿರುಚಲೂ ಬಾರದು, ಬರಹಕ್ಕೆ ಇಳಿಸಬೇಕು. ಕರೆಗೆ ಮೊದಲು ನಂಬರನ್ನು ಕಾರ್ಡಿನ ಹಿಂಬದಿಯಿಂದ, ಬಿಲ್ಲಿನಿಂದ ಅಥವಾ ಕಂಪನಿಯ ಸ್ವಂತ ಆ್ಯಪ್‌ನಿಂದಲೇ ತೆಗೆದುಕೊಳ್ಳಿ. ಹುಡುಕಾಟದಲ್ಲಿ ಮೊದಲು ಕಂಡ ನಂಬರ್ ಎಷ್ಟೋ ಸಲ ಮೋಸಗಾರರದ್ದು. ಖಾತೆ ಸಂಖ್ಯೆ, ತಾರೀಖು, ಮೊತ್ತ, ಹಳೆಯ ದೂರಿನ ನಂಬರ್ ಒಂದು ಹಾಳೆಯ ಮೇಲೆ ಇರಲಿ. ಹೇಳಬೇಕಾದದ್ದನ್ನು ಮೂರು ವಾಕ್ಯಕ್ಕೆ ಇಳಿಸಿ: ಏನಾಯಿತು, ಯಾವಾಗ ಆಯಿತು, ನನಗೆ ಏನು ಬೇಕು. ಮೂರನೆಯದನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಕೋಪವನ್ನೆಲ್ಲ ಕೇಳಿಸಿಕೊಂಡ ಏಜೆಂಟಿಗೆ ಹಣ ವಾಪಸ್ ಬೇಕೋ, ಬದಲಿ ವಸ್ತು ಬೇಕೋ, ಬರೀ ಕ್ಷಮೆ ಬೇಕೋ ತಿಳಿಯದೆ, ಇದ್ದುದರಲ್ಲಿ ಅಗ್ಗದ್ದನ್ನು ಬರೆದು ಮುಗಿಸುತ್ತಾರೆ.

ಫೋನ್ ಇಡುವ ಮುಂಚೆ ದೂರಿನ ಸಂಖ್ಯೆ, ಏನು ಮಾಡುತ್ತಾರೆ, ಯಾವ ತಾರೀಖಿನೊಳಗೆ, ಆಗದಿದ್ದರೆ ಮುಂದೆ ಯಾರ ಹತ್ತಿರ ಹೋಗಬೇಕು ಎಂಬ ನಾಲ್ಕನ್ನೂ ಕೇಳಿ ಬರೆದುಕೊಳ್ಳಿ. ‘24ರಿಂದ 48 ಗಂಟೆ’ ಎಂದರೆ ಸಾಲದು, ಅದು ಕೆಲಸದ ದಿನಗಳ ಲೆಕ್ಕವೋ ಅಲ್ಲವೋ ಕೇಳಿ ತಾರೀಖನ್ನೇ ಹೇಳಿಸಿ. ನಂತರ ಮುಖ್ಯವಾದ ಒಂದು ಕೋರಿಕೆ: ‘ನೋಟ್ಸ್‌ನಲ್ಲಿ ಏನು ಬರೆದಿದ್ದೀರಿ, ಒಮ್ಮೆ ಓದಿ ಹೇಳುತ್ತೀರಾ?’ ಲೈನಿನಲ್ಲಿ ನೀವಿರುವಾಗಲೇ ಬರೆದರೆ ಅವರಿಗೂ ಆಮೇಲಿನ ಅರ್ಧ ನಿಮಿಷದ ಗಡಿಬಿಡಿ ತಪ್ಪುತ್ತದೆ, ನಿಮಗೂ ಮುಂದಿನ ಸಲ ಮೊದಲಿಂದ ಹೇಳುವುದು ತಪ್ಪುತ್ತದೆ. ಅದೇ ದಿನ ಅದೇ ಮಾತುಗಳನ್ನು ದೂರಿನ ಸಂಖ್ಯೆಯ ಜೊತೆ ಇಮೇಲ್ ಮಾಡಿಬಿಡಿ. ಅವರ ರೆಕಾರ್ಡಿಂಗು ಅವರ ಹತ್ತಿರ ಇರುತ್ತದೆ, ನಿಮ್ಮ ಹತ್ತಿರ ಉಳಿಯುವುದು ಇಮೇಲ್ ಒಂದೇ. ಸೂಪರ್‌ವೈಸರ್ ಬೇಕೆಂದು ಮೊದಲ ನಿಮಿಷದಲ್ಲೇ ಹಟ ಹಿಡಿಯುವುದರಿಂದ ಲಾಭವಿಲ್ಲ. ಪಕ್ಕದ ಸೀಟಿನವರೇ ಫೋನ್ ತೆಗೆದುಕೊಳ್ಳುವ ಸಾಧ್ಯತೆ ಇದೆ. ಕೊಟ್ಟ ತಾರೀಖು ದಾಟಿದ ಮೇಲೆ, ಆ ಸಂಖ್ಯೆ ಹಿಡಿದು ಕೇಳಿದರೆ ಅದಕ್ಕೆ ತೂಕ.

ಕೊನೆಗೆ ಬರುವ ಸರ್ವೆ ಮೆಸೇಜನ್ನು ಅಳಿಸಬೇಡಿ. ಸೊನ್ನೆಯಿಂದ ಹತ್ತರವರೆಗೆ ಅಂಕ ಕೇಳುವ ಸರ್ವೆ 2003ರಿಂದ ಚಾಲ್ತಿಯಲ್ಲಿರುವ ಒಂದು ಪದ್ಧತಿಯದು. ಅದರಲ್ಲಿ 9, 10 ಕೊಟ್ಟವರು ಮೆಚ್ಚಿದವರು, 0ರಿಂದ 6 ಕೊಟ್ಟವರು ಮೆಚ್ಚದವರು, 7 ಮತ್ತು 8 ಕೊಟ್ಟವರು ಎರಡೂ ಕಡೆ ಸೇರುವುದಿಲ್ಲ. ‘ಪರವಾಗಿಲ್ಲ, ಚೆನ್ನಾಗಿತ್ತು’ ಎಂದು ಕೊಟ್ಟ ಏಳರಿಂದ ಏಜೆಂಟಿಗೆ ನಯಾಪೈಸೆ ಉಪಕಾರವಿಲ್ಲ. ಏಜೆಂಟ್ ಬಗ್ಗೆ ಒಂದು, ಕಂಪನಿಯ ಬಗ್ಗೆ ಒಂದು ಪ್ರಶ್ನೆ ಇದ್ದರೆ ಬೇರೆ ಬೇರೆ ಅಂಕ ಕೊಡಿ. ಒಂದೇ ಪ್ರಶ್ನೆ ಇದ್ದರೆ ನಿಜವಾದ ಅಂಕವನ್ನೇ ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ಹೀಗೆ ಬರೆಯಿರಿ: ‘ಮಾತಾಡಿದವರು ಚೆನ್ನಾಗಿ ಸ್ಪಂದಿಸಿದರು, ಅವರ ತಪ್ಪಿಲ್ಲ. 22 ನಿಮಿಷ ಕಾಯಬೇಕಾಯಿತು, ಎರಡು ಸಲ ಟ್ರಾನ್ಸ್‌ಫರ್ ಮಾಡಿದರು, ಸಮಸ್ಯೆ ಹಾಗೇ ಇದೆ.’ ನಿಮಿಷ ಎಷ್ಟು, ಟ್ರಾನ್ಸ್‌ಫರ್ ಎಷ್ಟು ಎಂಬ ಅಂಕಿಗಳನ್ನು ಬಿಡದೆ ಬರೆಯಿರಿ.